ದಮ್ಮಿನ ಕಾಯಿಲೆ: ಎದೆಯೊಳಗಿನ ಬೂದಿ ಮುಚ್ಚಿದ ಕೆಂಡಕ್ಕೆ ಸೌದೆ ಹಾಕದೇ ಇರೋದು ಹೇಗೆ

"ದಿನಾ ಎರಡು ಕ್ಯಾಪ್ಸೂಲು ತಪ್ಪದೇ ತಗತಾ ಇವ್ನಿ ಕಣ್ ಮಗ, ಒಂದು ಚೂರೂ ಗುಣ ಕಾಣ್ಲಿಲ್ಲ" ಅಂತ ನಮ್ಮ ದೊಡ್ಡವ್ವ ಫೋನಲ್ಲಿ ಅಂದಾಗ್ಲೇ ನಂಗೆ ಅನುಮಾನ ಬಂದಿತ್ತು. ಭಾನುವಾರ ಪಿರಿಯಾಪಟ್ಟಣದ ಬಸ್ ಹತ್ತಿ ಊರಿಗೆ ಹೋಗಿ ನೋಡ್ತೀನಿ, ಇನ್ಹೇಲರ್ ಮಿಷಿನ್ನು ಡಬ್ಬ ಸಮೇತ ದೇವರ ಗೂಡಲ್ಲಿ ಬೆಚ್ಚಗೆ ಕೂತಿದೆ, ಅದರೊಳಗೆ ಹಾಕಿ ಎಳ್ಕೋಬೇಕಾದ ಕ್ಯಾಪ್ಸೂಲ್‌ನ ಮಾತ್ರ ಊಟ ಆದ್ಮೇಲೆ ಬಿಸಿನೀರಲ್ಲಿ ನುಂಗ್ತಾ ಇದಾಳೆ. ಮೂರು ವಾರ ಎದೆಗೆ ಹೋಗ್ಬೇಕಾದ ಪುಡಿ ಹೊಟ್ಟೆಗೆ ಹೋಗಿದೆ. ತೋರಿಸ್ಕೊಂಡು ಬಂದ ಕ್ಲಿನಿಕ್ಕಲ್ಲಿ ಚೀಟಿ ಬರ್ದು ಕೊಟ್ರು, ಹೆಂಗೆ ಎಳ್ಕೋಬೇಕು ಅಂತ ಯಾರೂ ಕೈ ಹಿಡಿದು ತೋರಿಸ್ಲಿಲ್ಲ, ಯಾಕೆ ಎಳ್ಕೋಬೇಕು ಅಂತಂತೂ ಹೇಳೇ ಇಲ್ಲ.

ನಾನು ಡಾಕ್ಟರ್ ಅಲ್ಲ, ಮೈಸೂರಲ್ಲಿ ಮೆಡಿಕಲ್ ಸ್ಟೋರ್ ಕೌಂಟರ್ ಹಿಂದೆ ಹನ್ನೆರಡು ವರ್ಷ ನಿಂತೋನು. ಇನ್ಹೇಲರ್ ತಗೊಂಡು ಹೋಗೋರನ್ನ ನೋಡಿ ನೋಡಿ ನಂಗೆ ಅನ್ಸಿರೋದು ಒಂದೇ, ಸಿಒಪಿಡಿ, ಅಂದ್ರೆ ಶ್ವಾಸನಾಳ ಸಣ್ಣ ಆಗಿ ಉಸಿರು ಕಟ್ಟೋ ಈ ದಮ್ಮಿನ ಕಾಯಿಲೆ ಅನ್ನೋದು ಎದೆ ಒಳಗೆ ಆರದೇ ಉರಿಯೋ ಒಂದು ಬೆಂಕಿ ಅಂತ ಮನೆಯವ್ರಿಗೆ ಗೊತ್ತಾಗೋ ತನಕ ಅವರು ಕೆಮ್ಮಿನ ಹಿಂದೇನೇ ಓಡ್ತಾ ಇರ್ತಾರೆ, ಸಿರಪ್ಪು ಕಷಾಯ ಹಬೆ ಅಂತ, ಬೆಂಕಿಗೆ ಮಾತ್ರ ದಿನಾ ಸೌದೆ ಬೀಳ್ತಾನೇ ಇರತ್ತೆ. ಅದಕ್ಕೇ ಮೊದ್ಲು ಒಳಗೆ ಏನಾಗ್ತಿದೆ ಅಂತ ನೋಡ್ಬಿಡೋಣ, ಆಮೇಲೆ ಮನೇಲಿ ಏನು ಮಾಡ್ಬೇಕು ಅನ್ನೋದಕ್ಕೆ ಬರ್ತೀನಿ.

ಒಳಗೆ ಉರಿಯೋದು ಏನು

ಕೈಗೆ ಮುಳ್ಳು ಚುಚ್ಚಿದ್ರೆ ಆ ಜಾಗ ಕೆಂಪಾಗಿ ಊದ್ಕೊಳ್ಳತ್ತಲ್ಲ, ಅದೇ ಉರಿಯೂತ. ಮುಳ್ಳು ತೆಗುದ್ರೆ ಎರಡು ದಿನಕ್ಕೆ ಇಳಿಯತ್ತೆ. ಬೀಡಿ ಹೊಗೆನೋ ಒಲೆ ಹೊಗೆನೋ ದಿನಾ ಶ್ವಾಸನಾಳಕ್ಕೆ ಹೋದ್ರೆ ಅದು ದಿನಾ ಚುಚ್ಚೋ ಮುಳ್ಳು. ನಾಳದ ಒಳಪದರದ ಜೀವಕೋಶಗಳು ಹೊಗೆ ತಾಗಿದ ಕೂಡ್ಲೇ ಇಂಟರ್‌ಲ್ಯೂಕಿನ್ 8 ಥರದ ರಾಸಾಯನಿಕ ಬಿಟ್ಟು ರಕ್ತದಲ್ಲಿರೋ ಬಿಳಿ ರಕ್ತಕಣಗಳನ್ನ ಕೂಗಿ ಕರೀತವೆ. ಮುಖ್ಯವಾಗಿ ಬರೋದು ನ್ಯೂಟ್ರೋಫಿಲ್‌ಗಳು, ಮ್ಯಾಕ್ರೋಫೇಜ್‌ಗಳು, ಜೊತೆಗೆ ಸಿಡಿ8 ಅನ್ನೋ ಟಿ ಕಣಗಳು. ಇವು ಕೀಟಾಣು ಕೊಲ್ಲೋಕೆ ಅಂತ ಇರೋ ಸೈನ್ಯ, ಆದ್ರೆ ಇಲ್ಲಿ ಕೊಲ್ಲೋಕೆ ಕೀಟಾಣು ಇಲ್ಲ, ಇರೋದು ಹೊಗೆ ಮಾತ್ರ. ಹಾಗಾಗಿ ತಂದ ಆಯುಧಾನ ಮನೆ ಮೇಲೇ ಬೀಸ್ತವೆ.

ಆ ಆಯುಧಗಳಲ್ಲಿ ಒಂದರ ಹೆಸರು ಎಲಾಸ್ಟೇಸ್. ನಮ್ಮ ಪುಪ್ಪುಸದಲ್ಲಿ ಸುಮಾರು 48 ಕೋಟಿ ಗಾಳಿ ಚೀಲ ಇವೆ, ಅವುಗಳ ಗೋಡೆಯಲ್ಲಿ ಎಲಾಸ್ಟಿನ್ ಅನ್ನೋ ರಬ್ಬರಿನಂಥ ನಾರು ಇರತ್ತೆ, ಉಸಿರು ಬಿಡುವಾಗ ಚೀಲ ತಾನಾಗೇ ಕುಗ್ಗೋದು ಆ ನಾರಿನ ದೆಸೆಯಿಂದ. ಎಲಾಸ್ಟೇಸ್ ಅದನ್ನೇ ಕಡೀತದೆ. ಕಡೀಬಾರ್ದು ಅಂತ ದೇಹ ಆಲ್ಫಾ-1 ಆಂಟಿಟ್ರಿಪ್ಸಿನ್ ಅನ್ನೋ ಒಂದು ಕಾವಲುಗಾರನನ್ನ ಇಟ್ಟಿದೆ, ಹೊಗೆ ಆ ಕಾವಲುಗಾರನನ್ನೂ ಮಂಕು ಮಾಡತ್ತೆ. ಆ ಕಾವಲುಗಾರನ ಬೆಲೆ ಗೊತ್ತಾಗಿದ್ದು ಸ್ವೀಡನ್‌ನಲ್ಲಿ. 1963ರಲ್ಲಿ ಲಾರೆಲ್ ಮತ್ತು ಎರಿಕ್ಸನ್ ಅನ್ನೋ ಇಬ್ರು ರಕ್ತದ ಸ್ಯಾಂಪಲ್‌ಗಳನ್ನ ನೋಡ್ತಾ ಇದ್ದಾಗ ಐದು ಜನರಲ್ಲಿ ಈ ಪ್ರೋಟೀನೇ ಕಾಣ್ಲಿಲ್ಲ, ಅವರಲ್ಲಿ ಮೂವರಿಗೆ ಎಂಫಿಸೀಮಾ ಇತ್ತು, ಅಂದ್ರೆ ಗಾಳಿ ಚೀಲಗಳು ಒಡೆದು ದೊಡ್ಡ ದೊಡ್ಡ ಗುಳ್ಳೆ ಆಗಿರೋ ಸ್ಥಿತಿ. ಕಡಿಯೋ ಕಿಣ್ವ ಒಂದು ಕಡೆ, ತಡೆಯೋ ಪ್ರೋಟೀನ್ ಇನ್ನೊಂದು ಕಡೆ, ತಕ್ಕಡಿ ಯಾವ ಕಡೆ ವಾಲತ್ತೆ ಅನ್ನೋದ್ರ ಮೇಲೆ ಪುಪ್ಪುಸದ ಹಣೆಬರಹ ಅನ್ನೋ ವಿಚಾರ ಬೆಳೆದಿದ್ದು ಅಲ್ಲಿಂದ. ಆ ಪ್ರೋಟೀನ್ ಹುಟ್ಟಿನಿಂದಲೇ ಇಲ್ಲದವರು ಕಮ್ಮಿ, ನಮ್ಮ ಕಡೆ ತಕ್ಕಡಿ ವಾಲಿಸ್ತಾ ಇರೋದು ಹೊಗೇನೇ.

ಇದು ಚೀಲಗಳ ಕತೆ ಆಯ್ತು. ನಾಳಗಳ ಕತೆ ಬೇರೆ. 2 ಮಿಲಿಮೀಟರ್‌ಗಿಂತ ಸಣ್ಣ ನಾಳಗಳ ಗೋಡೆ ಉರಿಯೂತದಿಂದ ದಪ್ಪ ಆಗತ್ತೆ, ಗಾಯ ಆಗಿ ವಾಸಿ ಆಗಿ ಮತ್ತೆ ಗಾಯ ಆಗಿ ಗಟ್ಟಿ ಕಲೆ ಕಟ್ಟತ್ತೆ. ಕಫ ಮಾಡೋ ಕೋಶಗಳು ಜಾಸ್ತಿ ಆಗ್ತವೆ, ಕಫ ಮೇಲಕ್ಕೆ ತಳ್ಳೋ ಸಣ್ಣ ಕೂದಲು ಸುಟ್ಟು ಹೋಗಿರ್ತವೆ. ರಾತ್ರಿಯೆಲ್ಲಾ ಸೇರಿದ್ದನ್ನ ಹೊರಗೆ ಹಾಕೋಕೆ ಬೆಳಿಗ್ಗೆ ಎದ್ದ ತಕ್ಷಣ ಅರ್ಧ ಗಂಟೆ ಕೆಮ್ಮು ಬರೋದು ಇದಕ್ಕೇ. ಬೀಡಿ ಸೇದೋರು "ಬೆಳಿಗ್ಗೆ ಒಂದು ಸೇದಿದ್ರೆ ಕಫ ಸಲೀಸಾಗಿ ಬರತ್ತೆ" ಅಂತಾರಲ್ಲ, ಕಫ ಹುಟ್ಸಿದ್ದೇ ಅದು, ಈಗ ತೆಗೆಯೋಕೂ ಅದೇ ಬೇಕಂತೆ.

ಇನ್ನೊಂದು ಮಾತು ಸರಿಯಾಗಿ ತಿಳ್ಕೊಳ್ಳಿ, ಮುಂದೆ ಹೇಳೋ ಎಲ್ಲಾ ಉಪಾಯಕ್ಕೂ ಇದೇ ಬುಡ. ದಮ್ಮು ಕಟ್ಟಿದಾಗ ಉಸಿರು ಒಳಗೆ ಹೋಗ್ತಿಲ್ಲ ಅಂತ ಅನ್ಸತ್ತೆ, ಆದ್ರೆ ನಿಜವಾಗಿ ಆಗಿರೋದು ಉಸಿರು ಹೊರಗೆ ಬರ್ತಾ ಇಲ್ಲ. ರಬ್ಬರ್ ಸಡಿಲ ಆಗಿದೆ, ದಾರಿ ಸಣ್ಣ ಆಗಿದೆ, ಹಳೆ ಗಾಳಿ ಒಳಗೇ ಉಳ್ಕೊಂಡಿದೆ. ಜಾತ್ರೆ ದಿನ ಬಸ್ಸಲ್ಲಿ ಇಳಿಯೋರು ಇಳಿಯೋಕೆ ಮುಂಚೇನೇ ಹತ್ತೋರು ನುಗ್ಗಿದ್ರೆ ಹೆಂಗಿರತ್ತೋ ಹಂಗೆ. ಬೇಗ ಬೇಗ ಉಸಿರಾಡಿದಷ್ಟೂ ಬಸ್ಸು ತುಂಬ್ಕೊಳ್ಳತ್ತೆ ಅಷ್ಟೇ.

ಮತ್ತೆ, ಇದು ಅಸ್ತಮಾ ಅಲ್ಲ. ಊರ ಕಡೆ ಎರಡಕ್ಕೂ ಉಬ್ಬಸ ಅಂತಾರೆ, ದೊಡ್ಡವ್ವನಿಗೂ ಆರು ವರ್ಷ ಅಸ್ತಮಾ ಅಂತಲೇ ಮಾತ್ರೆ ನಡೀತು. ಅಸ್ತಮಾದಲ್ಲಿ ಸಾಮಾನ್ಯವಾಗಿ ಇಯೋಸಿನೋಫಿಲ್ ಅನ್ನೋ ಕಣಗಳ ಕಾರುಬಾರು, ಅದಕ್ಕೆ ಸ್ಟೀರಾಯ್ಡ್ ಕೊಟ್ರೆ ನೀರು ಚಿಮುಕಿಸಿದ ಹಾಗೆ ಇಳಿಯತ್ತೆ. ಸಿಒಪಿಡಿಯ ನ್ಯೂಟ್ರೋಫಿಲ್ ಉರಿ ಸ್ಟೀರಾಯ್ಡ್‌ಗೆ ಅಷ್ಟು ಬಗ್ಗಲ್ಲ. ಉರಿಯೂತದ ಜೀನ್‌ಗಳ ಸ್ವಿಚ್ಚು ಆಫ್ ಮಾಡೋಕೆ ಸ್ಟೀರಾಯ್ಡ್‌ಗೆ ಎಚ್‌ಡಿಎಸಿ2 ಅನ್ನೋ ಕಿಣ್ವದ ಸಹಾಯ ಬೇಕು, ಹೊಗೆ ಆ ಕಿಣ್ವವನ್ನೇ ಕುಗ್ಗಿಸಿಬಿಟ್ಟಿರತ್ತೆ. ಅದಕ್ಕೇ ವರ್ಷಗಟ್ಟಲೆ ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್ ಮಾತ್ರೆ ತಾವೇ ತಗೊಂಡು ನುಂಗೋರಿಗೆ ಹಸಿವು ಜಾಸ್ತಿ ಆಗಿ ಮುಖ ಊದಿ "ಗುಣ ಆದ ಹಾಗೆ" ಕಾಣತ್ತೆ, ಒಳಗೆ ಶುಗರ್ ಏರತ್ತೆ, ಮೂಳೆ ಟೊಳ್ಳಾಗತ್ತೆ, ಕಣ್ಣಿಗೆ ಪೊರೆ ಬರತ್ತೆ, ಎದೆ ಉರಿ ಅಲ್ಲೇ ಇರತ್ತೆ. ಕೌಂಟರ್ ಹಿಂದೆ ನಿಂತು ಹೇಳ್ತೀನಿ, "ಹೋದ್ಸಲ ಕೊಟ್ಟಿದ್ರಲ್ಲ ಆ ಸಣ್ಣ ಮಾತ್ರೆ" ಅಂತ ಹಳೇ ಸ್ಟ್ರಿಪ್ ತಗೊಂಡು ಬರೋರಿಗೆ ಇಲ್ಲ ಅನ್ನೋದು ಬಲು ಕಷ್ಟ, ಆದ್ರೂ ಅನ್ಬೇಕು.

ಮೊದಲನೇ ಕೆಲಸ: ಹೊಗೆಯ ಲೆಕ್ಕ ಹಾಕಿ

ಸಿಗರೇಟ್ ಬೀಡಿ ಸೇದದೇ ಇರೋ ಹೆಂಗಸರಿಗೆ ಈ ಕಾಯಿಲೆ ಹೆಂಗೆ ಬರತ್ತೆ ಅಂತ ಕೇಳೋರಿದಾರೆ. ಇಲ್ಲೊಂದು ಸುಲಭದ ಲೆಕ್ಕ ಇದೆ. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆ ಮುಂದೆ ಕೂತಿದ್ರು, ಎಷ್ಟು ವರ್ಷ, ಎರಡನ್ನೂ ಗುಣಿಸಿ. ನಮ್ಮ ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರ ಮೇಲೆ ಮಾಡಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ಗುಣಲಬ್ಧ 60 ಮುಟ್ಟಿದ ಮೇಲೆ ದೀರ್ಘಕಾಲದ ಬ್ರಾಂಕೈಟಿಸ್‌ನ, ಅಂದ್ರೆ ತಿಂಗಳುಗಟ್ಟಲೆ ಬಿಡದ ಕಫ ಕೆಮ್ಮಿನ ಅಪಾಯ ಗಣನೀಯವಾಗಿ ಏರತ್ತೆ ಅಂತ ಬಂತು. ದೊಡ್ಡವ್ವ ಹದಿನಾರಕ್ಕೆ ಮದುವೆ ಆಗಿ ಬಂದೋಳು, ದಿನಕ್ಕೆ ಮೂರು ಗಂಟೆ ಅಂದ್ರೂ ನಲವತ್ತು ವರ್ಷಕ್ಕೆ 120. ಇದರ ಮೇಲೆ ನಮ್ಮ ಕಡೆ ಹೊಗೆಸೊಪ್ಪು ಬೇಯಿಸೋ ಬ್ಯಾರನ್ ಇರತ್ತೆ, ಸೀಸನ್ನಲ್ಲಿ ರಾತ್ರಿ ಎದ್ದು ಎದ್ದು ಸೌದೆ ತುರುಕಿದ್ದು ಆ ಲೆಕ್ಕಕ್ಕೆ ಸೇರಿಲ್ಲ.

ಈ ಲೆಕ್ಕಾನ ಒಂದು ಹಾಳೇಲಿ ಬರ್ಕೊಂಡು ಡಾಕ್ಟರ್ ಹತ್ರ ಹೋಗಿ. "ಕೆಮ್ಮು ಸಾರ್" ಅಂದ್ರೆ ಸಿರಪ್ ಬರೀತಾರೆ, "ನಲವತ್ತು ವರ್ಷ ಒಲೆ ಮುಂದೆ, ಎರಡು ವರ್ಷದಿಂದ ಮಳೆಗಾಲ ಚಳಿಗಾಲ ಮೂರು ತಿಂಗಳು ಬಿಡದೇ ಕಫ, ಈಗ ಬಾವಿಯಿಂದ ನೀರು ತರೋಕೆ ಆಗ್ತಿಲ್ಲ" ಅಂದ್ರೆ ಕಿವಿ ನೆಟ್ಟಗಾಗತ್ತೆ. ಎರಡು ವಾರ ದಾಟಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೇಲಿ ಪುಕ್ಕಟೆ ಆಗೋ ಟಿಬಿ ಕಫ ಪರೀಕ್ಷೆನೂ ಮಾಡಿಸ್ಬಿಡಿ, ಅದು ಇಲ್ಲ ಅಂತ ಖಾತ್ರಿ ಆಗ್ಬೇಕು.

ಆಮೇಲೆ ಸ್ಪೈರೋಮೆಟ್ರಿ. ಎಕ್ಸ್‌ರೇ ಒಂದರಿಂದ ಸಿಒಪಿಡಿ ಅಂತ ತೀರ್ಮಾನ ಆಗಲ್ಲ, ಊದೋ ಪರೀಕ್ಷೆ ಬೇಕೇ ಬೇಕು. ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಎದೆರೋಗ ವಿಭಾಗದಲ್ಲಿ ಇರತ್ತೆ. ಮೂಗಿಗೆ ಕ್ಲಿಪ್ ಹಾಕಿ, ಎದೆ ತುಂಬ ಉಸಿರು ಎಳ್ಕೊಂಡು, ಒಂದೇ ಏಟಿಗೆ ಜೋರಾಗಿ ಊದಿ ಕನಿಷ್ಠ ಆರು ಸೆಕೆಂಡು ಬಿಡದೇ ಊದ್ತಾನೇ ಇರ್ಬೇಕು. ಟೆಕ್ನಿಷಿಯನ್ "ಊದಿ ಊದಿ ಊದಿ, ಇನ್ನೂ ಇದೆ, ಊದಿ" ಅಂತ ಕೂಗ್ತಾ ಇರ್ತಾರೆ, ದೊಡ್ಡವ್ವ ಅದಕ್ಕೆ "ಯಾಕಪ್ಪ ಹಿಂಗೆ ಗದುರ್ತೀಯ" ಅಂತ ಅರ್ಧದಲ್ಲೇ ನಿಲ್ಸಿ ಜಗಳಕ್ಕೆ ಹೋಗಿ ಆ ಸಲದ್ದು ಲೆಕ್ಕಕ್ಕೆ ಬರದೇ ಮತ್ತೆ ಊದಿಸಿದ್ರು. ಆದ್ದರಿಂದ ಮುಂಚೇನೇ ಹೇಳಿ ಕರ್ಕೊಂಡು ಹೋಗಿ. ಹೊಟ್ಟೆ ಬಿರಿಯೋ ಹಾಗೆ ಉಂಡ್ಕೊಂಡು ಹೋಗ್ಬಾರ್ದು, ಇನ್ಹೇಲರ್ ಎಷ್ಟು ಹೊತ್ತು ಮುಂಚೆ ನಿಲ್ಲಿಸ್ಬೇಕು ಅಂತ ಕೇಳ್ಕೊಳ್ಳಿ, ಇತ್ತೀಚೆಗೆ ಹಾರ್ಟ್ ಅಟ್ಯಾಕೋ ಕಣ್ಣಿನ ಆಪರೇಷನ್ನೋ ಆಗಿದ್ರೆ ತಪ್ಪದೇ ಹೇಳಿ.

ಒಂದು ಸಲ ಊದಿಸಿ, ನಾಳ ಸಡಿಲ ಮಾಡೋ ಔಷಧ ಕೊಟ್ಟು, ಹದಿನೈದು ನಿಮಿಷ ಬಿಟ್ಟು ಮತ್ತೆ ಊದಿಸ್ತಾರೆ. ರಿಪೋರ್ಟಲ್ಲಿ ಎರಡನೇ ಸಲದ ಅಂಕಿ ನೋಡಿ. ಮೊದಲ ಒಂದು ಸೆಕೆಂಡಲ್ಲಿ ಬಂದ ಗಾಳಿ ಎಫ್‌ಇವಿ1, ಒಟ್ಟು ಬಂದ ಗಾಳಿ ಎಫ್‌ವಿಸಿ, ಮೊದಲನೇದನ್ನ ಎರಡನೇದರಿಂದ ಭಾಗಿಸಿದ್ರೆ 0.70ಕ್ಕಿಂತ ಕಮ್ಮಿ ಬಂದ್ರೆ ಅಡ್ಡಿ ಇದೆ ಅಂತ. ಔಷಧ ಕೊಟ್ಟ ಮೇಲೂ ಕಮ್ಮಿನೇ ಇದೆ ಅನ್ನೋದೇ ಅಸ್ತಮಾಕ್ಕೂ ಇದಕ್ಕೂ ಇರೋ ದೊಡ್ಡ ವ್ಯತ್ಯಾಸ.

ಸೌದೆ ಹಾಕೋದು ನಿಲ್ಲಿಸೋದು

ಇದನ್ನ ಹೇಳೋಕೆ ಮುಂಚೆ ಒಂದು ಕಹಿ ಸತ್ಯ. ಹೊಗೆ ಬಿಟ್ಟ ಮೇಲೂ ಒಳಗಿನ ಉರಿಯೂತ ಪೂರ್ತಿ ಆರಲ್ಲ, ಬೀಡಿ ಬಿಟ್ಟು ವರ್ಷಗಳಾದೋರ ಶ್ವಾಸನಾಳದಲ್ಲೂ ಅದೇ ಕಣಗಳು ಸಿಗ್ತವೆ. ಬೂದಿ ಮುಚ್ಚಿದ ಕೆಂಡ ಅಂದಿದ್ದು ಅದಕ್ಕೇ. ಹಾಗಂತ "ಇನ್ನೇನು, ಸೇದಿದ್ರೆ ಎಷ್ಟು ಬಿಟ್ರೆ ಎಷ್ಟು" ಅನ್ನೋಕೆ ಆಗಲ್ಲ. ಅಮೆರಿಕಾ ಮತ್ತು ಕೆನಡಾದಲ್ಲಿ ನಡೆದ ಲಂಗ್ ಹೆಲ್ತ್ ಸ್ಟಡಿ ಅಂತ ಒಂದಿದೆ, ಕಾಯಿಲೆ ಶುರುವಾಗಿದ್ದ ಸೇದೋರನ್ನ 11 ವರ್ಷ ಹಿಂಬಾಲಿಸಿ ನೋಡಿದ್ರು. ಸೇದ್ತಾನೇ ಇದ್ದ ಗಂಡಸರ ಎಫ್‌ಇವಿ1 ವರ್ಷಕ್ಕೆ ಸರಾಸರಿ 66 ಮಿಲಿಲೀಟರ್ ಕರಗ್ತಾ ಇತ್ತು, ಶುರುವಲ್ಲೇ ಬಿಟ್ಟೋರದ್ದು 30. ಮೂವತ್ತು ಅಂದ್ರೆ ಹೆಚ್ಚೂಕಮ್ಮಿ ವಯಸ್ಸಾಗೋ ಯಾರಿಗಾದ್ರೂ ಕರಗೋ ಅಷ್ಟೇ. ಹೋಗಿದ್ದು ವಾಪಸ್ ಬರಲ್ಲ, ಉಳಿದಿದ್ದು ಉಳಿಯತ್ತೆ. ಬೀಡಿ ಬಿಡೋಕೆ ಒಬ್ಬರೇ ಒದ್ದಾಡಬೇಡಿ, 1800-11-2356 ಸರ್ಕಾರದ ಉಚಿತ ನಂಬರು, ಸಿಗರೇಟ್ ಪ್ಯಾಕ್ ಮೇಲೇ ಅಚ್ಚಾಗಿರತ್ತೆ. ಅಂಗಡೀಲಿ ನಿಕೋಟಿನ್ ಗಮ್ಮೂ ಇರತ್ತೆ, ಅದನ್ನ ಚ್ಯೂಯಿಂಗ್ ಗಮ್ ಥರ ಜಗೀಬಾರ್ದು, ನಾಲ್ಕು ಸಲ ಅಗಿದು ಒಸಡಿನ ಪಕ್ಕ ಇಟ್ಕೋಬೇಕು.

ಇನ್ನು ಒಲೆ. ಗ್ಯಾಸ್ ಇಲ್ಲದ ಮನೆ ಈಗ ಕಮ್ಮಿ, 2016ರಲ್ಲಿ ಉಜ್ವಲಾ ಬಂದ್ಮೇಲಂತೂ ಸಿಲಿಂಡರ್ ಊರೂರಿಗೆ ಬಂತು. ಆದ್ರೆ ಗ್ಯಾಸ್ ಇದೆ ಅಂದ ತಕ್ಷಣ ಹೊಗೆ ಇಲ್ಲ ಅಂತ ಅಲ್ಲ. ನಮ್ಮ ಮನೆಗಳಲ್ಲಿ ಮರೆತು ಹೋಗೋ ಜಾಗ ಬಚ್ಚಲು. ಕಾಫಿ ಸಾರು ಎಲ್ಲಾ ಗ್ಯಾಸ್ ಮೇಲೆ, ಸ್ನಾನದ ಹಂಡೆಗೆ ಮಾತ್ರ ಬೆಳಿಗ್ಗೆ ಐದಕ್ಕೆ ತೆಂಗಿನ ಗರಿ, ಮಟ್ಟೆ, ಹಸಿ ಸೌದೆ, ಮೇಲೆ ಹಳೇ ಪ್ಲಾಸ್ಟಿಕ್ ಕವರು. ಕಿಟಕಿ ಇಲ್ಲದ ಆರಡಿ ಬಚ್ಚಲಲ್ಲಿ ಬಗ್ಗಿ ಊದುಗೊಳವೇಲಿ ಊದೋದು ಯಾರು, ಮನೇಲಿ ದಮ್ಮಿರೋ ಅದೇ ಅಜ್ಜಿ. ನಾವು ದೊಡ್ಡವ್ವನ ಮನೇಲಿ ಮೊದಲು ಮಾಡಿದ್ದು ಇದೇ ಬದಲಾವಣೆ, ಸೋಲಾರ್ ಹಾಕ್ಸೋ ದುಡ್ಡು ಆಗ ಇರ್ಲಿಲ್ಲ, ಹಂಡೆ ಒಲೆ ಬಚ್ಚಲಿಂದ ಹಿತ್ತಿಲಿಗೆ ಎತ್ತಿ ಹಾಕಿ ಉರಿ ಹಚ್ಚೋ ಕೆಲಸ ಅಣ್ಣನಿಗೆ ಒಪ್ಸಿದ್ವಿ. ಸೌದೆ ಒಲೆ ಬಿಡೋಕೇ ಆಗಲ್ಲ ಅನ್ನೋರು ಹೊಗೆ ಕೊಳವೆ ಇರೋ ಒಲೆನಾದ್ರೂ ಕಟ್ಟಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆ ನಮ್ಮ ರಾಜ್ಯದ ಎಷ್ಟೋ ಹಳ್ಳೀಲಿ ಕಟ್ಟಿದ್ರು, ನಿಮ್ಮೂರಲ್ಲಿ ಹಳೇದು ಇದ್ರೆ ಕೊಳವೆಯ ಮಸಿ ತೆಗೆದಿದಾರಾ ನೋಡಿ, ಕಟ್ಕೊಂಡಿರೋ ಕೊಳವೆ ಇದ್ದೂ ಇಲ್ಲದ ಹಾಗೆ.

ಸೊಳ್ಳೆ ಬತ್ತಿ ಬಗ್ಗೆ ಹೇಳಿದ್ರೆ ಜನ ನಂಬಲ್ಲ. 2003ರಲ್ಲಿ ಪ್ರಕಟವಾದ ಅಧ್ಯಯನ ಒಂದರಲ್ಲಿ ಒಂದು ಸುರುಳಿ ಪೂರ್ತಿ ಉರಿದಾಗ ಬರೋ ಸಣ್ಣ ಕಣಗಳು, ಪಿಎಂ 2.5 ಅಂತಾರಲ್ಲ ಅವು, 75ರಿಂದ 137 ಸಿಗರೇಟಿನಷ್ಟು ಅಂತ ಲೆಕ್ಕ ಬಂತು. ಬಾಗಿಲು ಹಾಕ್ಕೊಂಡು ತಲೆ ಹತ್ರ ಇಟ್ಕೊಂಡು ಮಲಗೋ ವಸ್ತು ಅದು! ಸೊಳ್ಳೆ ಪರದೆ ಕಟ್ಟಿ. ಊದುಬತ್ತಿ, ಸಾಂಬ್ರಾಣಿ ದೇವರಿಗೆ ಬೇಕು ಅಂದ್ರೆ ದಮ್ಮಿರೋರು ಆಚೆ ಇದ್ದಾಗ ಹಚ್ಚಿ, ಒಕ್ಕಣೆ ದಿನ ಕಣದ ಹತ್ರ ಬಿಡಬೇಡಿ.

ಇನ್ಹೇಲರ್ ಎಳ್ಕೊಳ್ಳೋದು

ದೊಡ್ಡವ್ವನಿಗೆ ಹೇಳಿಕೊಟ್ಟ ಹಾಗೇ ಹೇಳ್ತೀನಿ. ಕ್ಯಾಪ್ಸೂಲ್ ಹಾಕೋ ಮಿಷಿನ್ ಆದ್ರೆ, ಕೈ ಒಣಗಿರ್ಬೇಕು, ಕ್ಯಾಪ್ಸೂಲನ್ನ ಮಿಷಿನ್ನಿನ ತೂತಲ್ಲಿ ಕೂರಿಸಿ ಮಿಷಿನ್ ತಿರುಗಿಸಿದ್ರೆ ಒಳಗೆ ಅದು ಬೇರೆ ಆಗತ್ತೆ. ಈಗ ಉಸಿರನ್ನ ಪೂರ್ತಿ ಹೊರಗೆ ಬಿಡಿ, ಮಿಷಿನ್ ಒಳಗಲ್ಲ, ಪಕ್ಕಕ್ಕೆ ತಿರುಗಿ, ಒಳಗೆ ಊದಿದ್ರೆ ಪುಡಿ ತೇವ ಆಗಿ ಅಂಟ್ಕೊಳ್ಳತ್ತೆ. ಆಮೇಲೆ ತುಟಿಯಿಂದ ಬಿಗಿಯಾಗಿ ಹಿಡಿದು ಜೋರಾಗಿ, ಆಳವಾಗಿ ಒಂದೇ ಸಲಕ್ಕೆ ಎಳ್ಕೊಳ್ಳಿ. ಹತ್ತು ಎಣಿಸೋ ತನಕ ಉಸಿರು ಹಿಡಿದು ನಿಧಾನಕ್ಕೆ ಬಿಡಿ. ಪುಡಿ ಉಳಿದಿದ್ರೆ ಇನ್ನೊಂದು ಸಲ. "ಅಷ್ಟು ಜೋರಾಗಿ ಎಳೆಯೋ ಶಕ್ತಿ ಇದ್ದಿದ್ರೆ ಇದ್ಯಾಕೆ ಬೇಕಿತ್ತು" ಅಂತ ದೊಡ್ಡವ್ವ ಅಂದ ಮಾತಲ್ಲಿ ನ್ಯಾಯ ಇದೆ, ಅಂಥೋರಿಗೆ ಒತ್ತೋ ಪಂಪ್ ವಾಸಿ, ಡಾಕ್ಟರ್‌ಗೆ ಹೇಳಿ ಬದಲಾಯಿಸ್ಕೊಳ್ಳಿ.

ಪಂಪ್‌ಗೆ ರೀತಿ ಉಲ್ಟಾ, ಜೋರಲ್ಲ, ನಿಧಾನ. ಚೆನ್ನಾಗಿ ಕುಲುಕಿ, ಉಸಿರು ಬಿಟ್ಟು, ಎಳ್ಕೊಳ್ಳೋಕೆ ಶುರು ಮಾಡಿದ ಕ್ಷಣಕ್ಕೆ ಒತ್ತಿ, ನಾಲ್ಕೈದು ಸೆಕೆಂಡು ನಿಧಾನಕ್ಕೆ ಎಳೆದು ಹತ್ತು ಎಣಿಸಿ. ವಯಸ್ಸಾದೋರಿಗೆ ಒತ್ತೋದು ಎಳೆಯೋದು ಒಟ್ಟಿಗೆ ಕೂಡಿ ಬರಲ್ಲ, ಔಷಧ ಎಲ್ಲಾ ನಾಲಿಗೆ ಮೇಲೆ ಬೀಳತ್ತೆ, ಸ್ಪೇಸರ್ ಅಂತ ಬಾಟಲಿ ಥರದ್ದು ಸಿಗತ್ತೆ ತಗೊಳ್ಳಿ, ಅದಿದ್ರೆ ಆರಾಮ್. ಇನ್ಹೇಲರ್‌ನಲ್ಲಿ ಸ್ಟೀರಾಯ್ಡ್ ಇದ್ರೆ ಮುಗಿದ ಮೇಲೆ ಬಾಯಿ ಮುಕ್ಕಳಿಸಿ ಉಗೀಬೇಕು, ಇಲ್ಲಾಂದ್ರೆ ಬಾಯಲ್ಲಿ ಬಿಳಿ ಅಗ್ರ ಬರತ್ತೆ.

ಇನ್ಹೇಲರ್ ಅಭ್ಯಾಸ ಆಗಿಬಿಡತ್ತೆ ಅನ್ನೋ ಮಾತು ದಿನಾ ಕೇಳ್ತೀನಿ. ಚಟ ಹಿಡಿಸೋ ವಸ್ತು ಅದರಲ್ಲಿ ಏನೂ ಇಲ್ಲ. ದಿನಾ ಯಾಕೆ ಬೇಕು ಅಂದ್ರೆ ಕಾಯಿಲೆ ದಿನಾ ಇದೆ, ಅಷ್ಟೇ. ಇದರಲ್ಲಿ ಎರಡು ಥರದ್ದು ಅಂತ ತಿಳ್ಕೊಂಡ್ರೆ ಸಾಕು, ದಮ್ಮು ಕಟ್ಟಿದಾಗ ಮಾತ್ರ ತಗೊಳ್ಳೋ ಸಾಲ್ಬುಟಮಾಲ್ ಥರದ್ದು, ಇನ್ನೊಂದು ಕಟ್ಟಲಿ ಬಿಡಲಿ ದಿನಾ ತಗೊಳ್ಳೋ ಟಿಯೋಟ್ರೋಪಿಯಂ, ಫಾರ್ಮೊಟೆರಾಲ್ ಥರದ್ದು. ಇವು ನಾಳ ಸಡಿಲ ಮಾಡಿ ಸಿಕ್ಕಾಕೊಂಡಿರೋ ಗಾಳಿ ಇಳಿಸ್ತವೆ. ಇವುಗಳ ಜೊತೆ ಸ್ಟೀರಾಯ್ಡ್ ಸೇರಿಸ್ಬೇಕಾ ಬೇಡ್ವಾ ಅನ್ನೋದಕ್ಕೆ ಈಗ ರಕ್ತ ಪರೀಕ್ಷೆ ನೋಡ್ತಾರೆ. ಸಾಮಾನ್ಯ ಸಿಬಿಸಿ ರಿಪೋರ್ಟಲ್ಲೇ ಇಯೋಸಿನೋಫಿಲ್ ಎಣಿಕೆ ಸಿಗತ್ತೆ, ಒಂದು ಮೈಕ್ರೋಲೀಟರ್ ರಕ್ತಕ್ಕೆ 300 ಅಥವಾ ಅದಕ್ಕಿಂತ ಮೇಲಿದ್ದು ಪದೇ ಪದೇ ಉಲ್ಬಣ ಆಗ್ತಿದ್ರೆ, ಅಂದ್ರೆ ಕಾಯಿಲೆ ಒಮ್ಮೆಲೇ ಜೋರಾಗ್ತಿದ್ರೆ, ಸ್ಟೀರಾಯ್ಡ್ ಇನ್ಹೇಲರ್ ಕೆಲಸ ಮಾಡೋ ಸಂಭವ ಜಾಸ್ತಿ, 100ಕ್ಕಿಂತ ಕೆಳಗಿದ್ರೆ ಉಪಯೋಗ ಕಮ್ಮಿ, ನ್ಯುಮೋನಿಯಾ ಅಪಾಯ ಮಾತ್ರ ಇರತ್ತೆ. ನೋಡಿ, ಒಂದೇ ಹೆಸರಿನ ಕಾಯಿಲೆ ಆದ್ರೂ ಒಬ್ಬೊಬ್ಬರ ಒಳಗೆ ಉರಿಯೋ ಸೌದೆ ಬೇರೆ. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕಾದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಡುಪಿಲುಮ್ಯಾಬ್ ಅನ್ನೋ ಇಂಜೆಕ್ಷನ್‌ಗೆ ಸಿಒಪಿಡಿಗೂ ಒಪ್ಪಿಗೆ ಕೊಟ್ಟಿದ್ದು ಇದೇ ಇಯೋಸಿನೋಫಿಲ್ ಜಾಸ್ತಿ ಇರೋ ಗುಂಪಿಗೆ ಮಾತ್ರ. ಅದು ದುಬಾರಿ ಬಾಬ್ತು, ಸದ್ಯಕ್ಕೆ ಆ ಮಾತು ಬಿಡಿ, ರಿಪೋರ್ಟಲ್ಲಿ ಆ ಒಂದು ಅಂಕಿ ಏನಿದೆ ಅಂತ ಡಾಕ್ಟರ್‌ನ ಕೇಳೋಕೆ ದುಡ್ಡೇನೂ ಬೇಡ.

ಕೆಂಡ ಭುಗಿಲೆದ್ದಾಗ

ನೆಗಡಿ ವೈರಸ್ಸೋ, ಬ್ಯಾಕ್ಟೀರಿಯಾನೋ, ಹೊಗೆ ಧೂಳೋ ಒಳಗೆ ಹೋದ ತಕ್ಷಣ ಒಳಗಿನ ಉರಿಯೂತ ಒಮ್ಮೆಲೇ ಏಳತ್ತೆ, ಉಲ್ಬಣ ಅನ್ನೋದು ಇದಕ್ಕೇ. ಪ್ರತಿ ಉಲ್ಬಣವೂ ಪುಪ್ಪುಸದ ಒಂದಿಷ್ಟು ಶಕ್ತಿ ತಗೊಂಡೇ ಹೋಗ್ಬೋದು, ಚೇತರಿಸ್ಕೊಳ್ಳೋಕೆ ವಾರಗಳೇ ಬೇಕು. ಮೂರು ಗುರುತು ನೆನಪಿಟ್ಕೊಳ್ಳಿ: ದಮ್ಮು ಎಂದಿಗಿಂತ ಜಾಸ್ತಿ, ಕಫ ಎಂದಿಗಿಂತ ಜಾಸ್ತಿ, ಕಫದ ಬಣ್ಣ ಬಿಳಿಯಿಂದ ಹಳದಿ ಹಸಿರಿಗೆ. ಬಣ್ಣ ತಿರುಗೋದು ಅಂದ್ರೆ ನ್ಯೂಟ್ರೋಫಿಲ್‌ಗಳು ರಾಶಿ ರಾಶಿ ಬಂದಿವೆ ಅಂತ, ಆ ಹಸಿರು ಬಣ್ಣ ಅವುಗಳ ಒಳಗಿರೋ ಕಿಣ್ವದ್ದೇ. ಮೂರರಲ್ಲಿ ಎರಡು ಕಂಡ್ರೆ "ನಾಳೆ ನೋಡೋಣ" ಬೇಡ, ಅವತ್ತೇ ಡಾಕ್ಟರ್. ಅವರು ಕೆಲವು ದಿನಕ್ಕೆ ಸ್ಟೀರಾಯ್ಡ್ ಮಾತ್ರೆ, ಬೇಕಾದ್ರೆ ಆಂಟಿಬಯಾಟಿಕ್ ಕೊಡ್ತಾರೆ. ಮೇಲೆ ಸ್ಟೀರಾಯ್ಡ್ ಬೈದೆ, ಇಲ್ಲಿ ಒಪ್ತೀನಿ. ಉಲ್ಬಣ ಆದಾಗ ಐದು ದಿನದ ಕೋರ್ಸು ಬೇರೆ, ಐದು ವರ್ಷ ತಿನ್ನೋದು ಬೇರೆ. ಉಳಿದ ಮಾತ್ರೆ ಮುಂದಿನ ಸಲಕ್ಕೆ ಅಂತ ಡಬ್ಬೀಲಿ ಇಟ್ಕೋಬೇಡಿ.

ತುಟಿ ಉಗುರು ನೀಲಿ ಆದ್ರೆ, ಒಂದು ವಾಕ್ಯ ಪೂರ್ತಿ ಮಾತಾಡೋಕೆ ಆಗದೇ ಇದ್ರೆ, ಮಂಕಾಗಿ ತೂಕಡಿಸ್ತಾ ಇದ್ರೆ 108ಕ್ಕೆ ಫೋನ್ ಮಾಡಿ. ಮನೇಲಿ ಆಕ್ಸಿಮೀಟರ್ ಇದ್ರೆ ಉಗುರು ಬಣ್ಣ ತೆಗೆದು ಕೈ ಬೆಚ್ಚಗೆ ಮಾಡಿ ನೋಡಿ. ಆಕ್ಸಿಜನ್ ಮಿಷಿನ್ ಇರೋರು ಇದನ್ನ ಗಟ್ಟಿಯಾಗಿ ನೆನಪಿಡಿ, ಸಿಒಪಿಡಿಯವರಿಗೆ ಉಲ್ಬಣದಲ್ಲಿ ಆಕ್ಸಿಮೀಟರ್ ಅಂಕಿಯ ಗುರಿ ಶೇಕಡಾ 88ರಿಂದ 92, ನೂರು ಮುಟ್ಸೋಕೆ ಹೋಗಿ ಮಿಷಿನ್ ಜೋರು ಮಾಡಿದ್ರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ನಿದ್ದೆಗೆ ಜಾರ್ತಾರೆ, ಮನೆಯವ್ರು ಪಾಪ ಆರಾಮಾಗಿ ಮಲಗಿದ್ರು ಅಂದ್ಕೊಳ್ತಾರೆ. ನಿದ್ದೆ ಮಾತ್ರೆ, ಮಂಪರು ಬರಿಸೋ ಕೆಮ್ಮಿನ ಸಿರಪ್ಪೂ ಇದೇ ಕಾರಣಕ್ಕೆ ಕೇಳದೇ ಕೊಡಬಾರದು. ಹಬೆ ತಗೊಂಡ್ರೆ ಹಾಯ್ ಅನ್ಸತ್ತೆ ಸರಿ, ಉರಿಯೂತಕ್ಕೆ ಅದು ಏನೂ ಮಾಡಲ್ಲ, ಕೈ ನಡುಗೋರು ಬಿಸಿನೀರು ತೊಡೆ ಮೇಲೆ ಚೆಲ್ಕೊಂಡಿದ್ದನ್ನ ನೋಡಿದೀನಿ. ಫ್ಲೂ ಲಸಿಕೆ ವರ್ಷಕ್ಕೊಂದ್ಸಲ ಹಾಕ್ಸಿ, ನ್ಯುಮೋಕಾಕಲ್ ಲಸಿಕೆ ಬಗ್ಗೆನೂ ಡಾಕ್ಟರ್‌ನ ಕೇಳಿ.

ಉಳಿದ ಮೈ

ಎದೇಲಿ ಹುಟ್ಟಿದ ಉರಿಯೂತ ಎದೇಲೇ ಇರಲ್ಲ, ರಕ್ತದಲ್ಲಿ ಸಿಆರ್‌ಪಿ, ಇಂಟರ್‌ಲ್ಯೂಕಿನ್ 6 ಅನ್ನೋ ಉರಿಯೂತದ ಪ್ರೋಟೀನ್‌ಗಳು ಏರಿ ಮೈಯೆಲ್ಲಾ ಓಡಾಡ್ತವೆ. ತೊಡೆ ಮಾಂಸ ಕರಗೋದು, ಮೂಳೆ ಸವೆಯೋದು, ಹೃದಯದ ಕಾಯಿಲೆ ಜೊತೆಗೆ ಬರೋದು ಇವುಗಳಲ್ಲಿ ಅದರದ್ದೂ ಪಾಲಿದೆ. ಅದಕ್ಕೇ "ದಮ್ಮು ಕಟ್ಟತ್ತೆ ಕೂತ್ಕೊಳ್ಳವ್ವ" ಅಂತ ಪೂರ್ತಿ ಕೂರಿಸಿಬಿಡೋದು ಪ್ರೀತಿಯಿಂದ ಮಾಡೋ ತಪ್ಪು. ಕೂತಷ್ಟೂ ಮಾಂಸ ಕರಗತ್ತೆ, ಕರಗಿದಷ್ಟೂ ನಾಲ್ಕು ಹೆಜ್ಜೆಗೇ ದಮ್ಮು. ಜಗುಲಿಯಿಂದ ತೆಂಗಿನ ಮರದ ತನಕ ನಡೆಸಿ, ವಾರ ಕಳೆದ ಮೇಲೆ ಇನ್ನೊಂದು ಮರದ ತನಕ. ಕುರ್ಚಿಯಿಂದ ಕೈ ಊರದೇ ಎದ್ದು ಕೂರೋದು ಹತ್ತು ಸಲ. ಊಟ ಸ್ವಲ್ಪ ಸ್ವಲ್ಪ ಸಲ ಸಲ, ದೊಡ್ಡ ಮುದ್ದೆ ಒಂದೇ ಸಲ ಉಂಡ್ರೆ ಹೊಟ್ಟೆ ಮೇಲಕ್ಕೆ ಒತ್ತಿ ಉಸಿರಾಡೋಕೆ ಜಾಗ ಇರಲ್ಲ, ಅದೇ ಮುದ್ದೆ ಎರಡು ಭಾಗ ಮಾಡಿ ಜೊತೆಗೆ ಮೊಟ್ಟೆನೋ ಹುರುಳಿ ಕಟ್ಟಿನ ಸಾರೋ ಕೊಡಿ.

ದಮ್ಮು ಬಂದಾಗ ಉಸಿರು ಬಿಡೋ ರೀತಿ ಹೇಳಿಕೊಡೋಕೆ ನಾನು ಮೊದಲು "ತುಟಿ ಸಣ್ಣ ಮಾಡಿ ಬಿಡು" ಅಂದೆ, ದೊಡ್ಡವ್ವನಿಗೆ ಹೊಳೀಲಿಲ್ಲ. ಊದುಗೊಳವೆ ಊದೋ ಹಾಗೆ ಬಾಯಿ ಮಾಡು ಅಂದೆ, ತಕ್ಷಣ ಬಂತು, ಆದ್ರೆ ಅಭ್ಯಾಸಬಲದಿಂದ ಜೋರಾಗಿ ಊದಿ ಸುಸ್ತಾದ್ಲು. ಕೊನೆಗೆ ಬಿಸಿ ಕಾಫಿ ಆರಿಸೋ ಹಾಗೆ ಅಂದ ಮೇಲೆ ಸರಿ ಹೋಯ್ತು. ಮೂಗಲ್ಲಿ ಎರಡು ಎಣಿಸ್ತಾ ಎಳ್ಕೊಂಡು, ಕಾಫಿ ಆರಿಸೋ ತುಟೀಲಿ ನಾಲ್ಕು ಎಣಿಸ್ತಾ ಬಿಡೋದು, ಮುಂದಕ್ಕೆ ಬಾಗಿ ಮೊಣಕೈ ಮಂಡಿ ಮೇಲೆ ಊರಿ. ಹೊರಗೆ ಬಿಡೋ ಹೊತ್ತು ಉದ್ದ ಆದಷ್ಟೂ ಬಸ್ಸಿಂದ ಇಳಿಯೋರು ಇಳೀತಾರೆ.

ದಿನದ ಲೆಕ್ಕ ಇಡೋಕೆ ದೊಡ್ಡವ್ವನಿಗೆ ಓದು ಬರಹ ಬರಲ್ಲ. ಗೋಡೆ ಕ್ಯಾಲೆಂಡರ್ ಹತ್ರ ಒಂದು ಬಟ್ಟಲಲ್ಲಿ ಸುಣ್ಣ, ಒಂದರಲ್ಲಿ ಅರಿಶಿನ ಕಲಸಿ ಇಟ್ಟಿದೀವಿ. ಬೆಳಿಗ್ಗೆ ಕಫ ಬಿಳಿ ಇದ್ರೆ ಅವತ್ತಿನ ಮನೆಗೆ ಸುಣ್ಣದ ಬೊಟ್ಟು, ಬಣ್ಣ ತಿರುಗಿದ್ರೆ ಅರಿಶಿನದ ಬೊಟ್ಟು. ಹೋದ ತಿಂಗಳು ಒಂದು ದಿನ ಅರಿಶಿನ ಬಿತ್ತು, ದಮ್ಮೂ ಜಾಸ್ತಿ ಇತ್ತು, ಅಣ್ಣ ಫೋಟೋ ಹೊಡೆದು ನಂಗೆ ಕಳಿಸ್ದ, ಮಧ್ಯಾಹ್ನಕ್ಕೆ ಡಾಕ್ಟರ್ ಹತ್ರ ಇದ್ವಿ. ಆರನೇ ದಿನಕ್ಕೆ ಮತ್ತೆ ಸುಣ್ಣ.